ವ್ಯಾಧಿಕ್ಷಮತ್ವದ ಎರಡು ಅರ್ಥಗಳು: ವಿಷಮಜ್ವರ, ವೈರಸ್ ರೋಗಗಳು ಮತ್ತು ಲಸಿಕೆಗಳ ವಿಚಾರ

೧. ಉಪೋದ್ಘಾತ

ಹಿತವಾದ ಆಹಾರವನ್ನೇ ಸೇವಿಸುವವರಲ್ಲಿಯೂ ರೋಗಿಗಳು ಕಂಡುಬರುತ್ತಾರೆ. ಅಹಿತವಾದುದನ್ನು ಸೇವಿಸುವವರಲ್ಲಿಯೂ ನೀರೋಗಿಗಳು ಕಂಡುಬರುತ್ತಾರೆ. ಇದಕ್ಕೆ ಕಾರಣವೇನೆಂದು ಅಗ್ನಿವೇಶನು ತನ್ನ ಗುರುವಾದ ಆತ್ರೇಯನನ್ನು ಕೇಳುವ ಪ್ರಸಂಗವು ಚರಕಸಂಹಿತೆಯ ಸೂತ್ರಸ್ಥಾನದ ೨೮ನೆಯ ಅಧ್ಯಾಯದಲ್ಲಿದೆ. ಎಲ್ಲ ಶರೀರಗಳೂ ರೋಗವನ್ನು ತಡೆದುಕೊಳ್ಳುವುದರಲ್ಲಿ ಸಮಾನವಾದ ಸಾಮರ್ಥ್ಯವುಳ್ಳವಲ್ಲವೆಂಬುದು ಗುರುವಿನ ಉತ್ತರದ ಒಂದು ಭಾಗ. ಅಲ್ಲಿ ಪ್ರಯುಕ್ತವಾಗಿರುವ ಪದವು 'ವ್ಯಾಧಿಕ್ಷಮತ್ವ' ಎಂಬುದು. ಹನ್ನೊಂದನೆಯ ಶತಮಾನದಲ್ಲಿ ಆಯುರ್ವೇದದೀಪಿಕೆಯೆಂಬ ವ್ಯಾಖ್ಯಾನವನ್ನು ರಚಿಸಿದ ಚಕ್ರಪಾಣಿದತ್ತನು ಈ ಪದವನ್ನು ಎರಡು ಪ್ರಕಾರವಾಗಿ ವಿವರಿಸಿರುವನು. ಉಂಟಾದ ರೋಗದ ಬಲವನ್ನು ಎದುರಿಸುವಿಕೆಯು ಒಂದು. ರೋಗವು ಉಂಟಾಗುವುದನ್ನೇ ತಡೆಯುವಿಕೆಯು ಮತ್ತೊಂದು. ಮೊದಲನೆಯದು ವ್ಯಾಧಿಬಲವಿರೋಧಿತ್ವ, ಎರಡನೆಯದು ವ್ಯಾಧ್ಯುತ್ಪಾದಪ್ರತಿಬಂಧಕತ್ವ.

ಈ ವಿಭಾಗವು ವ್ಯಾಖ್ಯಾನಕಾರನ ಪದಚಾತುರ್ಯವೆಂದು ಮೇಲೆಮೇಲೆ ತೋರಬಹುದು. ಆದರೆ ಇಂದಿನ ಲಸಿಕಾಸಂಶೋಧನೆಯಲ್ಲಿ ಬಹು ಕ್ಲೇಶವನ್ನುಂಟುಮಾಡಿರುವ ಪ್ರಶ್ನೆಯು ಈ ಎರಡು ಅರ್ಥಗಳ ನಡುವೆಯೇ ನಿಂತಿದೆ. ಸಿಡುಬು, ದಡಾರ ಮೊದಲಾದ ಕೆಲವು ವೈರಸ್ ರೋಗಗಳಲ್ಲಿ ಒಮ್ಮೆ ರೋಗವನ್ನು ಅನುಭವಿಸಿದವನಿಗೆ ದೊರೆಯುವುದು ಎರಡನೆಯ ಬಗೆಯ ರಕ್ಷಣೆ. ಮಲೇರಿಯಾ ಎಂದು ಪ್ರಸಿದ್ಧವಾದ ವಿಷಮಜ್ವರದಲ್ಲಿ ಅನೇಕಾವರ್ತಿ ರೋಗವನ್ನು ಅನುಭವಿಸಿದವನಿಗೂ ದೊರೆಯುವುದು ಬಹುಮಟ್ಟಿಗೆ ಮೊದಲನೆಯ ಬಗೆಯ ರಕ್ಷಣೆ ಮಾತ್ರ. ೨೦೨೩ನೆಯ ಇಸವಿಯೊಂದರಲ್ಲಿಯೇ ಈ ಜ್ವರವು ಲೋಕದಲ್ಲಿ ಸುಮಾರು ೨೬ ಕೋಟಿ ೩೦ ಲಕ್ಷ ಸಲ ಕಾಣಿಸಿಕೊಂಡಿತೆಂದೂ, ಅದರಿಂದ ೫ ಲಕ್ಷ ೯೭ ಸಾವಿರ ಜನರು ಮೃತರಾದರೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಮೃತರಾದವರಲ್ಲಿ ಬಹುಭಾಗ ಆಫ್ರಿಕಾ ಖಂಡದ ಐದು ವರ್ಷದೊಳಗಿನ ಶಿಶುಗಳು. ಆದುದರಿಂದ ಈ ವಿಚಾರವು ಕೇವಲ ಶಬ್ದಾರ್ಥದ ಚರ್ಚೆಯಾಗಿ ಉಳಿಯತಕ್ಕದ್ದಲ್ಲ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಪ್ರಾಚೀನರು ರೋಗಾಣುಗಳನ್ನಾಗಲಿ ರಕ್ತಕಣಗಳನ್ನಾಗಲಿ ಕಂಡವರಲ್ಲ. ಅವರ ಪದದಲ್ಲಿ ಇಂದಿನ ಶಾಸ್ತ್ರವು ಅಡಗಿತ್ತೆಂದು ಸಾಧಿಸುವುದು ಗ್ರಂಥಕ್ಕೂ ಶಾಸ್ತ್ರಕ್ಕೂ ಮಾಡುವ ಅಪಚಾರ. ಪದಾರ್ಥವಿವೇಕಕ್ಕೆ ಅವರ ವಿಭಾಗವು ಉಪಕಾರಕವಾಗಿದೆಯೆಂಬಷ್ಟೇ ಇಲ್ಲಿಯ ಅಭಿಪ್ರಾಯ.

೨. ಸರ್ವಮಾನ್ಯವೂ ಜೋಡಿಯೂ

ಯೂರೋಪಿನ ಭಾಷೆಗಳಲ್ಲಿ ಇದಕ್ಕೆ ರೂಢವಾಗಿರುವ 'ಇಮ್ಯೂನಿಟಿ' ಎಂಬ ಪದದ ಮೂಲವೂ ವಿಚಾರಾರ್ಹವಾದುದು. ಲ್ಯಾಟಿನ್ನಿನಲ್ಲಿ 'ಇಮ್ಯೂನಿಸ್' ಎಂದರೆ ಕಂದಾಯ ಮೊದಲಾದ ರಾಜಸೇವೆಗಳಿಂದ ವಿಮುಕ್ತನಾದವನು ಎಂದರ್ಥ. ಕನ್ನಡ ಶಾಸನಗಳ ಪರಿಚಯವುಳ್ಳವರಿಗೆ ಒಡನೆಯೇ 'ಸರ್ವಮಾನ್ಯ'ವೆಂಬ ಪದವು ನೆನಪಿಗೆ ಬರುವುದು. ದಡಾರವನ್ನು ಒಮ್ಮೆ ಕಂಡ ಶರೀರವು ಆ ರೋಗದ ವಿಷಯದಲ್ಲಿ ಸರ್ವಮಾನ್ಯದ ಅಗ್ರಹಾರದಂತೆ. ಮತ್ತೆ ಅದು ಆ ಕಂದಾಯವನ್ನು ತೆರಬೇಕಾಗಿಲ್ಲ. ವಿಷಮಜ್ವರದಲ್ಲಿ ಬಲಿತ ಶರೀರವಾದರೋ ಹಳೆಯ ಮೈಸೂರು ಸೀಮೆಯ ಜೋಡಿಗ್ರಾಮದಂತೆ. ಪೂರ್ಣ ಕಂದಾಯವು ತಪ್ಪಿತಾದರೂ ಸ್ವಲ್ಪ ಭಾಗವನ್ನು ವರ್ಷವರ್ಷವೂ ತೆರುತ್ತಲೇ ಇರಬೇಕು.

ಸರ್ವಮಾನ್ಯವು ಎಷ್ಟು ಕಾಲ ನಿಲ್ಲುವುದೆಂಬುದಕ್ಕೆ ಪ್ರಸಿದ್ಧವಾದ ದೃಷ್ಟಾಂತವೊಂದಿದೆ. ಅಟ್ಲಾಂಟಿಕ್ ಸಾಗರದ ಫೇರೋ ದ್ವೀಪಗಳಲ್ಲಿ ೧೭೮೧ರಲ್ಲಿ ದಡಾರವು ಹರಡಿ, ಬಳಿಕ ೧೮೪೬ರವರೆಗೆ ಅಲ್ಲಿಗೆ ಬರಲಿಲ್ಲ. ಆ ವರ್ಷ ಮರಳಿ ಬಂದಾಗ ಸುಮಾರು ೭,೮೦೦ ನಿವಾಸಿಗಳಲ್ಲಿ ೬,೦೦೦ ಮಂದಿ ಮಲಗಿದರು. ಡೆನ್ಮಾರ್ಕಿನಿಂದ ಕಳುಹಿಸಲ್ಪಟ್ಟ ಪೀಟರ್ ಪಾನುಂ ಎಂಬ ತರುಣ ವೈದ್ಯನು ವಿಚಾರಿಸಿ ನೋಡಲು, ೧೭೮೧ರಲ್ಲಿ ಬಾಲ್ಯದಲ್ಲಿ ರೋಗವನ್ನು ಕಂಡಿದ್ದ ವೃದ್ಧರಲ್ಲಿ ಒಬ್ಬರಿಗೂ ಅದು ತಿರುಗಿ ತಗಲಿರಲಿಲ್ಲ. ಅರವತ್ತೈದು ವರ್ಷಗಳ ಕಾಲ ರೋಗದ ಸಂಪರ್ಕವೇ ಇಲ್ಲದಿದ್ದರೂ ಶರೀರವು ಅದನ್ನು ಮರೆತಿರಲಿಲ್ಲ.

ಈ ಮರೆಯದಿರುವಿಕೆಯನ್ನು ರೋಗವಿಲ್ಲದೆಯೇ ಸಂಪಾದಿಸಿಕೊಳ್ಳುವ ಉಪಾಯವೇ ಲಸಿಕೆ. ೧೭೯೬ನೆಯ ಇಸವಿ ಮೇ ೧೪ರಂದು ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು ದನದ ಸಿಡುಬಿನ ಕೀವನ್ನು ಎಂಟು ವರ್ಷದ ಬಾಲಕನೊಬ್ಬನ ತೋಳಿಗೆ ಹಾಕಿ, ಅನಂತರ ಮನುಷ್ಯರ ಸಿಡುಬು ಅವನಿಗೆ ತಗಲದಿರುವುದನ್ನು ತೋರಿಸಿದನು. ಲ್ಯಾಟಿನ್ನಿನ ಗೋವಾಚಕ ಶಬ್ದದಿಂದಲೇ 'ವ್ಯಾಕ್ಸೀನ್' ಎಂಬ ಹೆಸರು ಹುಟ್ಟಿತು. ಆರು ವರ್ಷಗಳೊಳಗಾಗಿ, ೧೮೦೨ರಲ್ಲಿ, ಮುಂಬಯಿಗೆ ಬಂದ ಈ ಉಪಾಯವು ಶೀಘ್ರದಲ್ಲಿಯೇ ಮೈಸೂರನ್ನೂ ಮುಟ್ಟಿತು. ೧೮೦೫ರ ಸುಮಾರಿನದೆಂದು ಎಣಿಸಲಾಗುವ ಮೈಸೂರಿನ ಮೂವರು ರಾಜಸ್ತ್ರೀಯರ ಚಿತ್ರಪಟವೊಂದು ಇದರ ಪ್ರಚಾರಕ್ಕಾಗಿಯೇ ರಚಿತವಾಯಿತೆಂದು ಕೆಲವರು ಇತಿಹಾಸಜ್ಞರ ಮತ. 'ದೇವಿ ಹಾಕಿಸುವುದು' ಎಂಬ ಕನ್ನಡ ಮಾತು ಆ ಕಾಲದ ಸ್ಮರಣೆಯನ್ನು ಇನ್ನೂ ಹೊತ್ತಿದೆ. ೧೯೮೦ನೆಯ ಇಸವಿ ಮೇ ತಿಂಗಳಲ್ಲಿ ಸಿಡುಬು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಯಿತು.

೩. ಶರೀರದ ಸ್ಮೃತಿ

ಈ ಮರೆಯದಿರುವಿಕೆಯ ಪ್ರಕಾರವನ್ನು ತಿಳಿಯಲು ತರ್ಕಶಾಸ್ತ್ರದ ಪರಿಭಾಷೆಯು ಸಹಾಯಕವಾಗಿದೆ. ಅನುಭವದಿಂದ ಸಂಸ್ಕಾರವೂ, ಉದ್ಬೋಧಕವು ದೊರೆತಾಗ ಆ ಸಂಸ್ಕಾರದಿಂದ ಸ್ಮೃತಿಯೂ ಹುಟ್ಟುವುದೆಂದು ನೈಯಾಯಿಕರು ಹೇಳುವರು. ಶರೀರದಲ್ಲಿಯೂ ಕ್ರಮವು ಹೀಗೆಯೇ ಇದೆ. ಬಿಳಿ ರಕ್ತಕಣಗಳಲ್ಲಿ ಬಿ ಕಣಗಳು, ಟಿ ಕಣಗಳು ಎಂದು ಎರಡು ಪ್ರಧಾನ ವರ್ಗಗಳುಂಟು. ಒಂದೊಂದು ಕಣವೂ ಯಾವುದಾದರೊಂದು ಆಕಾರವನ್ನು ಮಾತ್ರ ಗುರುತಿಸಬಲ್ಲುದು. ರೋಗಾಣುವು ಪ್ರವೇಶಿಸಿದಾಗ ಅದರ ಆಕಾರಕ್ಕೆ ಹೊಂದುವ ಕೆಲವೇ ಕಣಗಳು ಪ್ರಚೋದಿತವಾಗಿ ಸಹಸ್ರಗಟ್ಟಲೆಯಾಗಿ ವೃದ್ಧಿಹೊಂದುವುವು. ಬಿ ಕಣಗಳ ಸಂತತಿಯು ಪ್ರತಿಕಾಯಗಳೆಂಬ ದ್ರವ್ಯವನ್ನು ರಕ್ತದಲ್ಲಿ ಬಿಡುವುದು. ಆ ಪ್ರತಿಕಾಯಗಳು ರೋಗಾಣುವಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವುವು. ಟಿ ಕಣಗಳಲ್ಲಿ ಕೆಲವು ರೋಗಾಣುವು ಅಡಗಿರುವ ಶರೀರಕಣವನ್ನೇ ಕೊಲ್ಲುವುವು. ಕೆಲವು ಇತರ ಕಣಗಳಿಗೆ ಸಹಾಯ ಮಾಡುವುವು.

ರೋಗವು ಶಮನವಾದ ಮೇಲೆ ಈ ಸೈನ್ಯದಲ್ಲಿ ಬಹುಭಾಗ ನಶಿಸುವುದು. ಸ್ವಲ್ಪ ಭಾಗ ಉಳಿಯುವುದು. ಪ್ರತಿಕಾಯಗಳನ್ನು ಸ್ರವಿಸುವ ಕೆಲವು ಕಣಗಳು ಅಸ್ಥಿಮಜ್ಜೆಯಲ್ಲಿ ನೆಲಸಿ ದಶಕಗಳವರೆಗೆ ತಮ್ಮ ಕಾರ್ಯವನ್ನು ನಡೆಸುತ್ತಿರುವುವು. ಸ್ಮೃತಿಕಣಗಳೆಂಬ ಮತ್ತೆ ಕೆಲವು ಸುಪ್ತವಾಗಿರುವುವು. ಇವೇ ಸಂಸ್ಕಾರಸ್ಥಾನೀಯವಾದುವು. ಅದೇ ರೋಗಾಣುವು ಮತ್ತೆ ಬಂದಾಗ ಅದೇ ಉದ್ಬೋಧಕವಾಗಿ, ಮೊದಲ ಸಲ ವಾರಗಳು ಹಿಡಿದ ಕಾರ್ಯವು ಕೆಲವೇ ದಿನಗಳಲ್ಲಿ ಮುಗಿಯುವುದು. ಆದರೆ ಇದು 'ಅದೇ ಇದು' ಎಂಬ ಪ್ರತ್ಯಭಿಜ್ಞೆಯನ್ನವಲಂಬಿಸಿದೆ. ಬಂದವನು ವೇಷವನ್ನು ಬದಲಾಯಿಸಿಕೊಂಡಿದ್ದರೆ ಸಂಸ್ಕಾರವು ಇದ್ದೂ ನಿಷ್ಫಲ. ವಿಷಮಜ್ವರದ ರಹಸ್ಯವು ಇಲ್ಲಿಯೇ ಇರುವುದು.

೪. ಬಹುರೂಪಿಯಾದ ಪರಜೀವಿ

ವೈದ್ಯಗ್ರಂಥಗಳಲ್ಲಿ ಹೇಳಿರುವ ವಿಷಮಜ್ವರದ ಭೇದಗಳಲ್ಲಿ ತೃತೀಯಕ, ಚತುರ್ಥಕಗಳು ಸೇರಿವೆ. ಜ್ವರ ಬಂದ ದಿನವನ್ನೂ ಎಣಿಕೆಯಲ್ಲಿ ಸೇರಿಸಿಕೊಂಡು ಮೂರನೆಯ ದಿನ ಮರಳುವುದು ತೃತೀಯಕ, ನಾಲ್ಕನೆಯ ದಿನ ಮರಳುವುದು ಚತುರ್ಥಕ. ರೋಮಿನ ವೈದ್ಯರೂ ಇದೇ ಕ್ರಮದಲ್ಲಿ ಎಣಿಸಿ ಇವೇ ಹೆಸರುಗಳನ್ನಿಟ್ಟಿರುವುದು ಕುತೂಹಲಕರ. ಕಾರಣವು ಮಾತ್ರ ಬಹುಕಾಲ ತಿಳಿದಿರಲಿಲ್ಲ. 'ಮಲೇರಿಯಾ' ಎಂಬ ಇಟಲಿಯ ಹೆಸರಿಗೆ ಕೆಟ್ಟ ಗಾಳಿಯೆಂದೇ ಅರ್ಥ. ೧೮೮೦ರಲ್ಲಿ ಆಲ್ಜೀರಿಯಾ ದೇಶದಲ್ಲಿ ಲಾವೆರಾನ್ ಎಂಬ ಫ್ರೆಂಚ್ ವೈದ್ಯನು ರೋಗಿಯ ರಕ್ತದಲ್ಲಿ ಪರಜೀವಿಯನ್ನು ಕಂಡನು. ಹಿಂದೆ ಬೆಂಗಳೂರಿನಲ್ಲಿಯೂ ಸೇವೆಯಲ್ಲಿದ್ದ ರೊನಾಲ್ಡ್ ರಾಸನು ೧೮೯೭ನೆಯ ಇಸವಿ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ಅನಾಫೆಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಅದನ್ನು ಕಂಡು, ಸೊಳ್ಳೆಯೇ ವಾಹಕವೆಂಬ ನಿರ್ಣಯಕ್ಕೆ ದಾರಿಮಾಡಿದನು.

ಈ ಪರಜೀವಿಯ ಜೀವನಕ್ರಮವು ವಿಚಿತ್ರವಾದುದು. ಸೊಳ್ಳೆಯು ಕಚ್ಚಿದಾಗ ಜೊಲ್ಲಿನೊಡನೆ ಸಾಮಾನ್ಯವಾಗಿ ನೂರಕ್ಕಿಂತ ಕಡಮೆ ಸಂಖ್ಯೆಯ ಬೀಜರೂಪದ ಪರಜೀವಿಗಳು ಚರ್ಮದೊಳಕ್ಕೆ ಬೀಳುವುವು. ಕೆಲವೇ ಗಂಟೆಗಳಲ್ಲಿ ಅವು ಯಕೃತ್ತಿನ ಕಣಗಳನ್ನು ಸೇರಿ, ಸುಮಾರು ಒಂದು ವಾರ ಅಲ್ಲಿ ಸದ್ದಿಲ್ಲದೆ ಬೆಳೆದು, ಒಂದೊಂದೂ ಹತ್ತಾರು ಸಹಸ್ರಗಳಾಗಿ ಒಡೆದು ರಕ್ತಕ್ಕೆ ಬರುವುವು. ಅಲ್ಲಿ ಕೆಂಪು ರಕ್ತಕಣಗಳನ್ನು ಹೊಕ್ಕು ೪೮ ಅಥವಾ ೭೨ ಗಂಟೆಗಳಿಗೊಮ್ಮೆ ಕಣಗಳನ್ನು ಒಡೆದು ಹೊರಬೀಳುವುವು. ಚಳಿ ನಡುಕಗಳು ನಿಯತಕಾಲದಲ್ಲಿ ಮರಳುವುದಕ್ಕೆ ಇದೇ ಕಾರಣ. ಒಂದೊಂದು ಅವಸ್ಥೆಯಲ್ಲಿಯೂ ಅದರ ಮೈಮೇಲಿನ ಗುರುತುಗಳು ಬೇರೆ ಬೇರೆ. ಬೀಜಾವಸ್ಥೆಯನ್ನು ಬಲ್ಲ ಪ್ರತಿಕಾಯವು ರಕ್ತಾವಸ್ಥೆಯನ್ನು ಅರಿಯದು.

ವೈರಸ್ಸಿನೊಡನೆ ಹೋಲಿಸಿದರೆ ವ್ಯತ್ಯಾಸವು ಸ್ಫುಟವಾಗುವುದು. ದಡಾರದ ವೈರಸ್ಸಿನಲ್ಲಿರುವ ವಂಶವಾಹಕ ಘಟಕಗಳು ಆರು. ವಿಷಮಜ್ವರಗಳಲ್ಲಿ ಅತ್ಯಂತ ಮಾರಕವಾದ ಫಾಲ್ಸಿಪೆರಂ ಜಾತಿಯಲ್ಲಿ ಅವು ಐದು ಸಾವಿರಕ್ಕೆ ಮೇಲ್ಪಟ್ಟಿವೆ. ಅವುಗಳಲ್ಲಿ ಸುಮಾರು ಅರವತ್ತು ಘಟಕಗಳ ಒಂದು ಗುಂಪು, ಹೊಕ್ಕ ರಕ್ತಕಣದ ಹೊರಮೈಯಲ್ಲಿ ಪರಜೀವಿಯು ಚಾಚುವ ಒಂದು ದ್ರವ್ಯದ ನಾನಾ ರೂಪಗಳಿಗೆ ಮೀಸಲಾಗಿದೆ. ಈ ದ್ರವ್ಯದಿಂದ ರಕ್ತಕಣವು ನಾಳದ ಗೋಡೆಗೆ ಅಂಟಿಕೊಂಡು ಪ್ಲೀಹವನ್ನು ತಪ್ಪಿಸಿಕೊಳ್ಳುವುದು. ಶರೀರವು ಒಂದು ರೂಪಕ್ಕೆ ಪ್ರತಿಕಾಯವನ್ನು ಸಿದ್ಧಮಾಡುವಷ್ಟರಲ್ಲಿ ಪರಜೀವಿಗಳಲ್ಲಿ ಕೆಲವು ಮತ್ತೊಂದು ರೂಪಕ್ಕೆ ತಿರುಗಿರುವುವು. ಇದಲ್ಲದೆ ಕೆಂಪು ರಕ್ತಕಣಕ್ಕೆ ಬೀಜಕೇಂದ್ರವಿಲ್ಲ; ತನ್ನೊಳಗೆ ಶತ್ರುವಿರುವನೆಂದು ಕೊಲ್ಲುವ ಟಿ ಕಣಗಳಿಗೆ ತಿಳಿಸುವ ಸಾಧನವೂ ಅದಕ್ಕಿಲ್ಲ.

೫. ನೈಸರ್ಗಿಕವಾದ ಕ್ಷಮತ್ವ

ಹಾಗಾದರೆ ಈ ಜ್ವರಕ್ಕೆ ಪ್ರತಿಯಾಗಿ ಶರೀರವು ಏನನ್ನೂ ಕಲಿಯದೆ? ಕಲಿಯುವುದು, ಆದರೆ ನಿಧಾನವಾಗಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರಾಬರ್ಟ್ ಕಾಖನು ಜಾವಾ ದ್ವೀಪದಲ್ಲಿಯೂ ನ್ಯೂಗಿನಿಯಲ್ಲಿಯೂ ಪರೀಕ್ಷಿಸಿ, ರೋಗಪೀಡಿತ ಗ್ರಾಮಗಳಲ್ಲಿ ಶಿಶುಗಳ ರಕ್ತದಲ್ಲಿ ಪರಜೀವಿಗಳು ತುಂಬಿದ್ದರೂ ವಯಸ್ಕರಲ್ಲಿ ವಿರಳವಾಗಿರುವುದನ್ನು ಕಂಡನು. ೧೯೬೧ರಲ್ಲಿ ಕೋಹೆನ್, ಮೆಕ್‌ಗ್ರೆಗರ್, ಕ್ಯಾರಿಂಗ್ಟನ್ ಎಂಬವರು ಗ್ಯಾಂಬಿಯಾ ದೇಶದ ವಯಸ್ಕರ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ ರೋಗದಿಂದ ನರಳುತ್ತಿದ್ದ ಶಿಶುಗಳಿಗೆ ಕೊಟ್ಟರು. ಶಿಶುಗಳ ರಕ್ತದಲ್ಲಿ ಪರಜೀವಿಗಳ ಸಂಖ್ಯೆಯು ಬಹಳವಾಗಿ ಇಳಿಯಿತು. ವಯಸ್ಕರ ರಕ್ತದಲ್ಲಿರುವ ಯಾವುದೋ ಪ್ರತಿಕಾಯವು ರಕ್ಷಕವೆಂಬುದು ಇದರಿಂದ ಸಿದ್ಧವಾಯಿತು. ಅದು ಯಾವುದೆಂಬ ಅನ್ವೇಷಣೆಯು ಇಂದಿಗೂ ನಡೆದಿದೆ.

ಈ ರಕ್ಷಣೆಯು ಮೂರು ಲಕ್ಷಣಗಳಿಂದ ಕೂಡಿದೆ. ಮೊದಲನೆಯದು, ಮಾರಕವಾದ ಉಪದ್ರವಗಳು ಬೇಗನೆ ತಪ್ಪುವುವು, ಸಾಧಾರಣ ಜ್ವರವು ವರ್ಷಗಳ ಮೇಲೆ ತಪ್ಪುವುದು, ರಕ್ತದಲ್ಲಿ ಪರಜೀವಿಯ ಇರವು ಎಂದಿಗೂ ಪೂರ್ಣವಾಗಿ ತಪ್ಪುವುದಿಲ್ಲ. ಎರಡನೆಯದು, ಊರನ್ನು ಬಿಟ್ಟು ಜ್ವರವಿಲ್ಲದ ದೇಶದಲ್ಲಿ ಕೆಲವು ವರ್ಷ ಇದ್ದವನು ಹಿಂದಿರುಗಿದರೆ ಮತ್ತೆ ಮಲಗುವನು. ಜೋಡಿಯ ಹಣವನ್ನು ಕಟ್ಟದವನ ಹಕ್ಕು ಕುಗ್ಗುವಂತೆ ಇಲ್ಲಿಯೂ ಕುಗ್ಗುವುದು. ಮೂರನೆಯದು, ರೋಗಕ್ಕೆ ಬಲಿತ ಸ್ತ್ರೀಯೂ ಚೊಚ್ಚಲ ಗರ್ಭಿಣಿಯಾದಾಗ ಅದಕ್ಕೆ ವಿಶೇಷವಾಗಿ ಗುರಿಯಾಗುವಳು. ಗರ್ಭದ ಮಾಸಿಗೆ ಅಂಟುವ ರೂಪವೊಂದನ್ನು ಪರಜೀವಿಯು ತಾಳುವುದೇ ಇದಕ್ಕೆ ಕಾರಣ. ಆ ರೂಪವನ್ನು ಅವಳ ಶರೀರವು ಹಿಂದೆ ಕಂಡಿರಲಿಲ್ಲ. ಮುಂದಿನ ಗರ್ಭಗಳಲ್ಲಿ ಅಪಾಯವು ಕಡಮೆಯಾಗುವುದು. ವೇಷಕ್ಕೆ ತಕ್ಕಂತೆಯೇ ಪ್ರತ್ಯಭಿಜ್ಞೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ.

೬. ಲಸಿಕೆಯ ಅನ್ವೇಷಣೆ

ಪ್ರಕೃತಿಯೇ ಪೂರ್ಣರಕ್ಷಣೆಯನ್ನು ಕೊಡದ ರೋಗಕ್ಕೆ ಲಸಿಕೆಯು ಅದನ್ನು ಕೊಡುವುದೆಂದು ಹೇಗೆ ಆಶಿಸುವುದು ಎಂದು ಪೂರ್ವಪಕ್ಷ ಮಾಡಬಹುದು. ಇದಕ್ಕೆ ಸಮಾಧಾನವು ೧೯೬೭ರಲ್ಲಿ ದೊರೆಯಿತು. ವಿದುಷಿ ರೂತ್ ನುಸೆನ್‌ಜ್ವೈಗ್ ಅವರು ಕ್ಷಕಿರಣಗಳಿಂದ ಬಲಗುಂದಿಸಿದ ಬೀಜಾವಸ್ಥೆಯ ಪರಜೀವಿಗಳನ್ನು ಇಲಿಗಳಿಗೆ ಚುಚ್ಚಿ, ಅವು ರೋಗಕ್ಕೆ ಒಳಗಾಗದಂತೆ ಮಾಡಬಹುದೆಂದು ತೋರಿಸಿದರು. ೧೯೭೩ರಲ್ಲಿ ಡೇವಿಡ್ ಕ್ಲೈಡ್ ಅವರು ಕಿರಣಕ್ಕೊಡ್ಡಿದ ಸೊಳ್ಳೆಗಳಿಂದ ಕಚ್ಚಿಸಿ ಮನುಷ್ಯರಲ್ಲಿಯೂ ಅದನ್ನೇ ಸಾಧಿಸಿದರು. ಸಾಧ್ಯವೆಂಬುದು ಸಿದ್ಧವಾಯಿತು, ಆದರೆ ನೆಚ್ಚಬಹುದಾದ ರಕ್ಷಣೆಗೆ ಸಾವಿರಕ್ಕೂ ಮೇಲ್ಪಟ್ಟ ಕಡಿತಗಳು ಬೇಕಾದುವು. ಇದು ಗ್ರಾಮಗ್ರಾಮಗಳಲ್ಲಿ ನಡೆಸತಕ್ಕ ಕಾರ್ಯವಲ್ಲ.

ಆದುದರಿಂದ ಸಂಶೋಧಕರು ಬೀಜಾವಸ್ಥೆಯ ಪರಜೀವಿಯ ಮೈಯನ್ನು ಹೊದೆದಿರುವ ಒಂದು ದ್ರವ್ಯವನ್ನು ಆರಿಸಿಕೊಂಡರು. ಅದರಲ್ಲಿ ನಾಲ್ಕು ಘಟಕಗಳ ಒಂದೇ ಸರಣಿಯು ಪಲ್ಲವಿಯಂತೆ ಸುಮಾರು ನಲವತ್ತು ಬಾರಿ ಪುನರುಕ್ತವಾಗುವುದು. ಈ ಪುನರುಕ್ತಿಯನ್ನು ಯಕೃತ್ತಿನ ಬಿ-ವರ್ಗದ ಕಾಮಾಲೆಯ ವೈರಸ್ಸಿನ ಹೊರಮೈ ದ್ರವ್ಯದೊಡನೆ ಬೆಸೆದು ೧೯೮೭ರಲ್ಲಿ ರಚಿಸಿದ ಲಸಿಕೆಗೆ ಆರ್.ಟಿ.ಎಸ್., ಎಸ್. ಎಂದು ಹೆಸರು. ಪುನರುಕ್ತಿ, ಟಿ ಕಣ, ಹೊರಮೈ ಎಂಬರ್ಥದ ಇಂಗ್ಲೀಷು ಪದಗಳ ಆದ್ಯಕ್ಷರಗಳೇ ಅವು. ಕೊನೆಯ ಅಕ್ಷರವು ಬೆಸುಗೆಯಿಲ್ಲದ ಹೊರಮೈ ದ್ರವ್ಯವನ್ನು ಸೂಚಿಸುವುದು. ವಿಷಮಜ್ವರದ ಲಸಿಕೆಗೆ ವೈರಸ್ಸೊಂದರ ಕವಚವೇ ವಾಹನವಾದುದು ಗಮನಾರ್ಹ. ಆಫ್ರಿಕಾದ ಏಳು ದೇಶಗಳಲ್ಲಿ ೧೫,೪೫೯ ಶಿಶುಗಳ ಮೇಲೆ ೨೦೦೯ರಿಂದ ೨೦೧೪ರವರೆಗೆ ಇದರ ಪರೀಕ್ಷೆಯು ನಡೆಯಿತು. ಐದರಿಂದ ಹದಿನೇಳು ತಿಂಗಳ ಶಿಶುಗಳಲ್ಲಿ ಮೊದಲ ವರ್ಷ ಜ್ವರವು ನೂರಕ್ಕೆ ಸುಮಾರು ೫೬ರಷ್ಟು ಕಡಮೆಯಾಯಿತು. ನಾಲ್ಕು ಸಲ ಚುಚ್ಚಿಯೂ ನಾಲ್ಕು ವರ್ಷಗಳ ಸರಾಸರಿಯು ನೂರಕ್ಕೆ ೩೬ಕ್ಕೆ ಇಳಿಯಿತು. ಸಂಸ್ಕಾರವು ಹುಟ್ಟಿತು, ಆದರೆ ಬೇಗನೆ ಮಸುಳಿಸಿತು.

ಇಷ್ಟು ಅಲ್ಪವಾದ ಫಲದಿಂದ ಪ್ರಯೋಜನವೇನೆಂದು ಕೇಳುವವರಿಗೆ ಘಾನಾ, ಕೀನ್ಯಾ, ಮಲಾವಿ ದೇಶಗಳ ಅನುಭವವೇ ಉತ್ತರ. ೨೦೧೯ರಿಂದ ಅಲ್ಲಿ ಈ ಲಸಿಕೆಯನ್ನು ಹಾಕಲು, ಸುಮಾರು ನಾಲ್ಕು ವರ್ಷಗಳ ಅವಧಿಯಲ್ಲಿ ಲಸಿಕೆಗೆ ಅರ್ಹರಾದ ಶಿಶುಗಳ ಒಟ್ಟು ಮರಣಗಳೇ, ಅಪಘಾತಗಳನ್ನು ಬಿಟ್ಟು, ನೂರಕ್ಕೆ ೧೩ರಷ್ಟು ಇಳಿದುವು. ೨೦೨೧ನೆಯ ಇಸವಿ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಶಿಫಾರಸು ಮಾಡಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ರಚಿತವಾಗಿ ಪುಣೆಯ ಸೀರಂ ಸಂಸ್ಥೆಯಲ್ಲಿ ತಯಾರಾಗುವ ಆರ್-೨೧ ಎಂಬುದು ೨೦೨೩ನೆಯ ಅಕ್ಟೋಬರಿನಲ್ಲಿ ಅದೇ ಮನ್ನಣೆಯನ್ನು ಪಡೆಯಿತು. ಇದರಲ್ಲಿ ವೈರಸ್ ಕವಚದ ಭಾಗವು ಕಡಮೆ, ಪುನರುಕ್ತಿಯ ಭಾಗವು ಹೆಚ್ಚು. ಜ್ವರದ ಋತುವಿಗೆ ಮೊದಲು ಹಾಕಿದಲ್ಲಿ ಒಂದು ವರ್ಷದ ರಕ್ಷಣೆಯು ನೂರಕ್ಕೆ ೭೫ರಷ್ಟೆಂದು ಕಂಡುಬಂದಿದೆ. ಶರೀರವು ಕಲಿಯುವುದನ್ನು ಕಾಯದೆ, ಸಿದ್ಧಪಡಿಸಿದ ಪ್ರತಿಕಾಯವನ್ನೇ ಕೊಡುವ ಮಾರ್ಗವೂ ಇದೆ. ಮಾಲಿ ದೇಶದಲ್ಲಿ ನಡೆದು ೨೦೨೨ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಂತಹ ಒಂದು ಪ್ರತಿಕಾಯವು ಅಧಿಕ ಪ್ರಮಾಣದಲ್ಲಿ ಕೊಡಲ್ಪಟ್ಟಾಗ ಆರು ತಿಂಗಳ ಜ್ವರಋತುವಿನಲ್ಲಿ ವಯಸ್ಕರಿಗೆ ನೂರಕ್ಕೆ ೮೮ರಷ್ಟು ರಕ್ಷಣೆಯನ್ನು ಕೊಟ್ಟಿತು. ಗ್ಯಾಂಬಿಯಾದ ಹಳೆಯ ಪ್ರಯೋಗವೇ ಇಲ್ಲಿ ಹೊಸ ರೂಪದಲ್ಲಿ ಫಲಿಸಿದೆ.

೭. ವೈರಸ್ ರೋಗಗಳೆಲ್ಲ ಒಂದೇ ಬಗೆಯವಲ್ಲ

ವೈರಸ್ ರೋಗಗಳೆಲ್ಲ ದಡಾರದಂತೆ ಸುಲಭಸಾಧ್ಯವೆಂದು ಭಾವಿಸುವುದೂ ತಪ್ಪು. ೧೯೩೭ರಲ್ಲಿ ಮ್ಯಾಕ್ಸ್ ಥೈಲರ್ ಅವರು ಪ್ರಕಟಿಸಿದ ಹಳದಿಜ್ವರದ ಲಸಿಕೆಯು ಒಂದೇ ಸಲಕ್ಕೆ ದೀರ್ಘಕಾಲ ರಕ್ಷಿಸುವುದು. ಇನ್‌ಫ್ಲುಯೆಂಜಾ ವೈರಸ್ಸಾದರೋ ವರ್ಷವರ್ಷವೂ ವೇಷವನ್ನು ಬದಲಿಸುವುದರಿಂದ ಲಸಿಕೆಯನ್ನೂ ಬದಲಿಸಬೇಕಾಗಿದೆ. ಮಲೆನಾಡಿನ ಮಂಗನ ಕಾಯಿಲೆಯು ಮತ್ತೊಂದು ಉದಾಹರಣೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದಾಗ ಬೆಳಕಿಗೆ ಬಂದ ಈ ರೋಗವು ಉಣ್ಣೆಗಳ ಕಡಿತದಿಂದ ಹರಡುವುದು. ಕೊಂದ ವೈರಸ್ಸಿನಿಂದ ಮಾಡಿದ ಇದರ ಲಸಿಕೆಯನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಾಗಿದ್ದಿತು. ಕ್ರಮೇಣ ಅದರ ಸತ್ತ್ವವು ಸಾಲದೆಂದು ಕಂಡು ೨೦೨೨ರ ಸುಮಾರಿಗೆ ಅದನ್ನು ನಿಲ್ಲಿಸಿ ಹೊಸದನ್ನು ಸಿದ್ಧಪಡಿಸುವ ಕಾರ್ಯವು ಕೈಗೊಳ್ಳಲ್ಪಟ್ಟಿತು.

ಸಂಸ್ಕಾರವೇ ಅಪಕಾರಕವಾಗುವ ಸಂದರ್ಭಗಳೂ ಉಂಟು. ಶಿಶುಗಳ ಶ್ವಾಸಕೋಶವನ್ನು ಪೀಡಿಸುವ ಆರ್.ಎಸ್.ವಿ. ಎಂಬ ವೈರಸ್ಸಿಗೆ ೧೯೬೦ರ ದಶಕದಲ್ಲಿ ಅಮೆರಿಕದಲ್ಲಿ ಮಾಡಿದ ಲಸಿಕೆಯನ್ನು ಹಾಕಿಸಿಕೊಂಡ ಮಕ್ಕಳಲ್ಲಿ, ಬಳಿಕ ಸೋಂಕು ತಗಲಿದವರ ರೋಗವು ಉಲ್ಬಣಿಸಿ ಇಬ್ಬರು ತೀರಿಕೊಂಡರು. ವೈರಸ್ಸಿನ ಒಂದು ದ್ರವ್ಯವು ಶರೀರಕಣವನ್ನು ಹೊಗುವ ಮೊದಲು ಒಂದು ಆಕಾರದಲ್ಲಿಯೂ ಹೊಕ್ಕ ಮೇಲೆ ಮತ್ತೊಂದು ಆಕಾರದಲ್ಲಿಯೂ ಇರುವುದೆಂದೂ, ಹಳೆಯ ಲಸಿಕೆಯು ಎರಡನೆಯದನ್ನೇ ಕಲಿಸಿತ್ತೆಂದೂ ತಿಳಿಯಲು ದಶಕಗಳೇ ಬೇಕಾದುವು. ೨೦೧೩ರಲ್ಲಿ ಮೊದಲ ಆಕಾರವು ನಿರ್ಣೀತವಾಯಿತು. ೨೦೨೩ರಲ್ಲಿ ಅದನ್ನು ಆಧರಿಸಿದ ಲಸಿಕೆಗಳು ಮನ್ನಣೆ ಪಡೆದುವು.

ನಾಲ್ಕು ಪ್ರಭೇದಗಳುಳ್ಳ ಡೆಂಗೆ ಜ್ವರದಲ್ಲಿ ಒಂದು ಪ್ರಭೇದಕ್ಕೆ ಹುಟ್ಟಿದ ಪ್ರತಿಕಾಯವು ಮತ್ತೊಂದಕ್ಕೆ ಅರೆಬರೆಯಾಗಿ ಅಂಟಿ, ವೈರಸ್ಸು ಶರೀರಕಣವನ್ನು ಹೊಗಲು ತಾನೇ ಬಾಗಿಲಾಗಬಹುದು. ಫಿಲಿಪೀನ್ಸ್ ದೇಶದಲ್ಲಿ ೨೦೧೬ರಿಂದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗೆಯ ಲಸಿಕೆಯನ್ನು ಹಾಕಿದ ಮೇಲೆ, ಹಿಂದೆ ಆ ರೋಗವನ್ನು ಕಾಣದ ಮಕ್ಕಳಲ್ಲಿ ಅದು ರೋಗವನ್ನು ತೀವ್ರಗೊಳಿಸಬಹುದೆಂದು ೨೦೧೭ನೆಯ ನವೆಂಬರಿನಲ್ಲಿ ಪ್ರಕಟವಾಯಿತು. ಜನರಿಗೆ ಎಲ್ಲ ಲಸಿಕೆಗಳ ಮೇಲೆಯೂ ನಂಬಿಕೆಯು ಕುಗ್ಗಿತು. ೨೦೧೯ರಲ್ಲಿ ಅಲ್ಲಿ ದಡಾರವು ಹರಡಿ ಅನೇಕ ಶಿಶುಗಳು ಸತ್ತರು. ಒಂದು ಲಸಿಕೆಯ ಮಿತಿಯನ್ನು ಸಕಾಲದಲ್ಲಿ ತಿಳಿಯದುದರ ದಂಡವನ್ನು ಮತ್ತೊಂದು ಲಸಿಕೆಯು ತೆತ್ತಿತು.

ಈ ಎರಡು ವರ್ಗದ ರೋಗಗಳು ಒಂದೇ ಶರೀರದಲ್ಲಿ ಸೇರಿದಾಗ ತೊಡಕು ಹೆಚ್ಚುವುದು. ೧೯೫೮ರಲ್ಲಿ ಡೆನಿಸ್ ಬರ್ಕಿಟ್ ಅವರು ವಿವರಿಸಿದ, ಆಫ್ರಿಕಾದ ಮಕ್ಕಳ ದವಡೆಯಲ್ಲಿ ಬೆಳೆಯುವ ಅರ್ಬುದವು ವಿಷಮಜ್ವರವು ತೀವ್ರವಾಗಿರುವ ಪ್ರದೇಶಗಳಲ್ಲಿಯೇ ಹೆಚ್ಚು. ೧೯೬೪ರಲ್ಲಿ ಅದರೊಳಗೆ ಎಪ್‌ಸ್ಟೈನ್-ಬಾರ್ ಎಂಬ ವೈರಸ್ಸು ಕಂಡುಬಂದಿತು. ಮರಳಿ ಮರಳಿ ಬರುವ ಜ್ವರವು ಆ ವೈರಸ್ಸನ್ನು ಅಂಕೆಯಲ್ಲಿಟ್ಟಿರುವ ಟಿ ಕಣಗಳನ್ನು ದುರ್ಬಲಗೊಳಿಸುವುದೆಂಬುದು ಇದಕ್ಕೆ ಕೊಡಲಾಗುವ ಒಂದು ಕಾರಣ. ದಡಾರವೂ ಹಾಗೆಯೇ, ತನ್ನ ಸ್ಮೃತಿಯನ್ನು ಅಳಿಯದಂತೆ ನಿಲ್ಲಿಸುವ ಈ ರೋಗವು ಇತರ ರೋಗಗಳ ಸ್ಮೃತಿಯನ್ನು ಬಹುಮಟ್ಟಿಗೆ ಅಳಿಸಿಹಾಕುವುದೆಂದು ೨೦೧೯ರ ಸಂಶೋಧನೆಗಳಿಂದ ತಿಳಿದಿದೆ. ಆದುದರಿಂದ ಒಂದು ರೋಗದ ಲಸಿಕೆಯು ಹಲವು ರೋಗಗಳ ವಿಷಯದಲ್ಲಿಯೂ ಶರೀರಕ್ಕೆ ಉಪಕರಿಸಬಲ್ಲುದು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸಿದ್ಧವಾಗುವುವು. ವ್ಯಾಧಿಕ್ಷಮತ್ವವೆಂಬುದು ಪಾತ್ರೆಯಲ್ಲಿ ತುಂಬಿಟ್ಟ ಒಂದೇ ಶಕ್ತಿಯಲ್ಲ. ಇಂತಹ ರೋಗಾಣುವಿನ ಇಂತಹ ಆಕಾರವನ್ನು ಕುರಿತ ನಿಯತವಾದ ಪ್ರತ್ಯಭಿಜ್ಞೆ. ಲೋಕದಲ್ಲಿ 'ರೋಗನಿರೋಧಕ ಶಕ್ತಿ'ಯನ್ನು ಹೆಚ್ಚಿಸುವುದಾಗಿ ಹೇಳಿಕೊಳ್ಳುವ ಪದಾರ್ಥಗಳು ಈ ಭೇದವನ್ನು ಮರೆಯಿಸುತ್ತವೆ. ಇನ್ನು ರೋಗವನ್ನು ತಡೆಯುವ ಲಸಿಕೆ, ರೋಗದ ಬಲವನ್ನು ಮುರಿಯುವ ಲಸಿಕೆ ಎಂಬ ಎರಡು ಬಗೆಗಳಿಗೆ ಒಂದೇ ಮಾತನ್ನು ಬಳಸುವುದು ಅನರ್ಥಹೇತು. ವಿಷಮಜ್ವರದ ಲಸಿಕೆಯನ್ನು ಹಾಕಿಸಿದ ತಾಯಿಗೆ 'ಇನ್ನು ಜ್ವರ ಬಾರದು' ಎಂದು ಹೇಳಿದರೆ, ಅವಳು ಸೊಳ್ಳೆಪರದೆಯನ್ನು ಸುತ್ತಿಡುವಳು. ಮಗುವಿಗೆ ಮೊದಲ ಜ್ವರ ಬಂದ ದಿನ ಲಸಿಕೆಯೇ ಸುಳ್ಳೆಂದು ತಿಳಿದು ಮುಂದಿನ ಸಲ ಬಾರದಿರುವಳು. 'ಜ್ವರ ಬರುವ ಸಂಭವವೂ ಅದರಿಂದ ಸಾಯುವ ಅಪಾಯವೂ ಕಡಮೆಯಾಗುವುವು, ಆದರೆ ಪೂರ್ಣವಾಗಿ ತಪ್ಪವು. ಪರದೆಯೂ ಬೇಕು, ನಾಲ್ಕನೆಯ ಸಲದ ಲಸಿಕೆಯೂ ಬೇಕು' ಎಂದು ಹೇಳಿದರೆ ಮಾತು ಉದ್ದವಾಗುವುದು, ಆದರೆ ಸತ್ಯವಾಗುವುದು.

ಶಾಸ್ತ್ರವನ್ನು ಕನ್ನಡಕ್ಕೆ ತರುವವರೂ ಅದನ್ನು ಪಾಠಶಾಲೆಗಳಲ್ಲಿ ಹೇಳುವವರೂ ಈ ಭೇದವನ್ನು ಉಳಿಸಿಕೊಳ್ಳತಕ್ಕದ್ದು. ಚಕ್ರಪಾಣಿದತ್ತನು ಒಂದು ಪದವನ್ನು ಎರಡಾಗಿ ಬಿಡಿಸಿಟ್ಟುದು ಸಾವಿರ ವರ್ಷಗಳ ಹಿಂದೆ, ಬೇರೆ ಪ್ರಯೋಜನಕ್ಕಾಗಿ. ಬಿಡಿಸಿದ ಆ ಎರಡು ಅರ್ಥಗಳನ್ನು ಮತ್ತೆ ಕಲೆಸದಿರುವುದು ಇಂದಿನ ವ್ಯಾಖ್ಯಾನಕಾರರ ಹೊಣೆ.